ಅಂಕಿತದ ಹತ್ತಿರ ನಿಲ್ಲಿಸಿ, ಕಾಯಿರಿ

"ಇವನಿಗೆ ಏನೂ ತಿಳಿಯೋದಿಲ್ರೀ ಮೇಡಂ." ಕೊಪ್ಪಳದ ನನ್ನ ಕೋಣೆಗೆ ಬರುವ ತಂದೆ-ತಾಯಂದಿರ ಮೊದಲ ಮಾತು ಇದೇ. ನಾನು ವಾಕ್ ಚಿಕಿತ್ಸಕಿ. ಕಿವಿ ಪರೀಕ್ಷೆ ಮುಗಿದ ಮೇಲೆ ನಾನು ಕೇಳುತ್ತೇನೆ: "ಯಾವ ಸಪ್ಪಳಕ್ಕೆ ತಿರುಗಿ ನೋಡ್ತಾನೆ?"

ಹೀಗೆ ಕೇಳಲು ನನಗೆ ಕಲಿಸಿದ್ದು ಜಪಾನಿನ ಲೇಖಕ ಕೆಂಜಾಬುರೊ ಓಎ. 1963ರಲ್ಲಿ ಅವರ ಮೊದಲ ಮಗ ಹಿಕಾರಿ ತಲೆಬುರುಡೆಯ ದೋಷದೊಂದಿಗೆ ಹುಟ್ಟಿದ. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು, ಬುದ್ಧಿ ಬೆಳವಣಿಗೆ ಹಿಂದೆ ಬಿತ್ತು. ಮನುಷ್ಯರ ದನಿಗೆ ತಿರುಗದ ಕೂಸು ಹಕ್ಕಿಯ ದನಿಗೆ ತಿರುಗುತ್ತಿತ್ತು. ಆರನೇ ವರ್ಷದ ಬೇಸಿಗೆಯಲ್ಲಿ ಕೆರೆಯ ಕಡೆಯಿಂದ ಜೋಡಿ ಹಕ್ಕಿ ಕೂಗಿದಾಗ ಹುಡುಗ ಅವುಗಳ ಹೆಸರು ಹೇಳಿದ. ಅದೂ ಹಕ್ಕಿ ಕೂಗಿನ ರೆಕಾರ್ಡಿನಲ್ಲಿ ಮಾತಾಡುವವನ ದನಿಯಲ್ಲೇ! 1994ರ ನೊಬೆಲ್ ಭಾಷಣದಲ್ಲಿ ಓಎ ಇದನ್ನು ಹೇಳಿದ್ದಾರೆ.

ಹಿಕಾರಿ ಮುಂದೆ ಸಂಗೀತ ರಚನೆಕಾರನಾದ. ಜನ ಅದನ್ನೇ ಜಾಸ್ತಿ ಹೇಳುತ್ತಾರೆ. ನನಗೆ ಮಾತಿಗಾಗಿ ಕಾದ ಆ ಆರು ವರ್ಷ ದೊಡ್ಡದು.

1983ರ ಒಂದು ಪುಸ್ತಕದಲ್ಲಿ ಓಎ ಇಂಗ್ಲಿಷ್ ಕವಿ ಬ್ಲೇಕನ ಸಾಲುಗಳನ್ನೂ ಇಂಥದೇ ಮಗನ ಬದುಕನ್ನೂ ಒಟ್ಟಿಗೆ ಹೆಣೆದರು. ಅದರಲ್ಲಿ ಅಪ್ಪನ ಪಾದ ಬಾತುಕೊಂಡಾಗ ಮಗ ಅಪ್ಪನನ್ನಲ್ಲ, ಆ ಪಾದವನ್ನೇ ಕ್ಷೇಮ ಕೇಳುತ್ತಾನೆ. ಅಪ್ಪನ ಹತ್ತಿರ ಬರಲು ಅವನಿಗೆ ಸಿಕ್ಕ ದಾರಿ ಅದು.

ನನ್ನ ಹತ್ತಿರ ಬಂದ ಏಳು ವರ್ಷದ ಹುಡುಗನೊಬ್ಬ ಅವ್ವ ರೊಟ್ಟಿ ಬಡಿಯುವಾಗ ತಾನೂ ತೊಡೆ ಬಡಿಯುತ್ತಿದ್ದ. ಅಪ್ಪ ದಿನಾ ಬೆಳಗ್ಗೆ ಬಸವಣ್ಣನ ವಚನ ಹೇಳುವವರು. "ಅಂಕಿತದ ಹತ್ತಿರ ನಿಲ್ಲಿಸಿ" ಅಂದೆ. 'ಕೂಡಲಸಂಗಮ...' ಅಂತ ಬಿಟ್ಟು, ಮಗನ ಮುಖ ನೋಡುತ್ತಾ ಮನಸ್ಸಿನಲ್ಲೇ ಹತ್ತು ಎಣಿಸಬೇಕು. ತುಟಿ ಅಲುಗಿದರೂ, ತೊಡೆ ಬಡಿದರೂ ಅದು ಉತ್ತರವೇ.

ವಚನವೇ ಯಾಕೆ? ನಮ್ಮ ಮಾತು ದಿನಕ್ಕೊಂದು ಥರ. ವಚನದ ಲಯ ಅದೇ, ಕೊನೆಯೂ ಅದೇ. ತಾನು ಎಲ್ಲಿ ಸೇರಿಕೊಳ್ಳಬೇಕು ಅನ್ನೋದು ಮಗುವಿಗೆ ಮೊದಲೇ ಗೊತ್ತಾಗುತ್ತದೆ, ಅಲ್ವಾ? ಎಲ್ಲ ಮಕ್ಕಳೂ ಇದರಿಂದ ಮಾತಾಡುತ್ತಾರೆ ಅಂತ ನಾನು ಹೇಳಲಾರೆ.

ಅಪ್ಪನಿಗೆ ಕಾಯುವುದೇ ಕಷ್ಟವಾಯಿತು. ಎರಡು ಎಣಿಸುವುದರೊಳಗೆ ತಾವೇ ಹೇಳಿಬಿಡುತ್ತಿದ್ದರು. ಮೂರು ತಿಂಗಳು ಏನೂ ಇಲ್ಲ. ಆಮೇಲೊಂದು ಬೆಳಗ್ಗೆ ನನ್ನ ಫೋನಿಗೆ ವಿಡಿಯೋ ಬಂತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಅಪ್ಪ ನಿಲ್ಲಿಸುತ್ತಾರೆ. ಹುಡುಗ ತೊಡೆಗೆ ಒಂದೇಟು ಹಾಕಿ "ಏವಾ" ಅನ್ನುತ್ತಾನೆ.

ಅಡುಗೆಮನೆಯ ಸಪ್ಪಳ ಅಲ್ಲಿಗೇ ನಿಲ್ಲುತ್ತದೆ.