ಮ್ಯಾಂಡೇಟ್: ಪಾಲಿಸಿ ನಿಂತ ಮೇಲೂ ದುಡ್ಡು ಹೋಗುವುದು ಯಾಕೆ?

ಚಿಕ್ಕಪ್ಪ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡವರೇ ನೇರವಾಗಿ ನಮ್ಮ ಮನೆಗೆ ಬಂದರು. "ಆ ಇನ್ಶೂರೆನ್ಸ್ ಬೇಡ ಅಂತ ಏಪ್ರಿಲ್‌ನಲ್ಲೇ ಬರೆದುಕೊಟ್ಟಿದ್ದೀನಮ್ಮ, ಜೂನ್‌ನಲ್ಲೂ ಹೋಗಿದೆ, ಜುಲೈನಲ್ಲೂ ಹೋಗಿದೆ" ಅಂದರು. ಪಾಸ್‌ಬುಕ್‌ನಲ್ಲಿ 'ಎಸಿಎಚ್ ಡೆಬಿಟ್' ಅಂತ ಒಂದು ಸಾಲು. ಅದರ ಮುಂದೆ ಕಂಪನಿಯ ಹೆಸರು ಅರ್ಧ ಮಾತ್ರ ಇತ್ತು, ಉಳಿದದ್ದಕ್ಕೆ ಜಾಗ ಸಾಲದೆ ತುಂಡಾಗಿತ್ತು. ಪೆನ್ಷನ್ ಬಂದ ಮಾರನೇ ದಿನವೇ ಹೋಗಿದೆ. ಪೆನ್ಷನ್ ನಂಬಿಕೊಂಡು ತಿಂಗಳು ಕಳೆಯುವವರಿಗೆ ಇದು ಎಷ್ಟು ಹೊಟ್ಟೆ ಉರಿಸುತ್ತದೆ ಅಂತ ಅವರ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು.

ಇಲ್ಲಿ ತಿಳಿಯಬೇಕಾದ ಪದ ಮ್ಯಾಂಡೇಟ್. ಅಂದರೆ ನಾವು ಕೊಟ್ಟ ಒಪ್ಪಿಗೆ: ಈ ಕಂಪನಿ ಕೇಳಿದಾಗ ನನ್ನ ಖಾತೆಯಿಂದ ಇಷ್ಟರವರೆಗೆ ಕೊಟ್ಟುಬಿಡಿ ಅಂತ. ಪಾಲಿಸಿ ಇರುವುದು ನಮ್ಮ ಮತ್ತು ವಿಮಾ ಕಂಪನಿಯ ನಡುವೆ. ಮ್ಯಾಂಡೇಟ್ ಇರುವುದು ಬ್ಯಾಂಕಿನಲ್ಲಿ. ಎರಡೂ ಬೇರೆ ಬೇರೆ ಕಾಗದ. ಪಾಲಿಸಿ ಕ್ಯಾನ್ಸಲ್ ಆದ ತಕ್ಷಣ ಮ್ಯಾಂಡೇಟ್ ತಾನಾಗಿ ಸಾಯುವುದಿಲ್ಲ. ಕಂಪನಿಯವರು ತಮ್ಮ ಕಡೆಯಿಂದ ನಿಲ್ಲಿಸಬೇಕು, ಇಲ್ಲವೇ ನಾವು ಬ್ಯಾಂಕಿಗೆ ಹೇಳಬೇಕು. ಇಬ್ಬರೂ ಸುಮ್ನಿದ್ದರೆ ಕಂಪ್ಯೂಟರ್ ತನ್ನ ಪಾಡಿಗೆ ಕೇಳುತ್ತದೆ, ಬ್ಯಾಂಕ್ ಕೊಡುತ್ತದೆ.

ಈ ವ್ಯವಸ್ಥೆಯ ಹೆಸರು ನಾಚ್, ನಡೆಸುವುದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆ. ಪಾಸ್‌ಬುಕ್‌ನ 'ಎಸಿಎಚ್ ಡೆಬಿಟ್' ಇದರದ್ದೇ. ಪಾಲಿಸಿ ಮಾಡಿಸುವಾಗ ಏಜೆಂಟ್ "ಇಲ್ಲೊಂದು ಸೈನ್ ಹಾಕಿ" ಅನ್ನುವ ಉದ್ದನೆ ಚೀಟಿ ನೆನಪಿದೆಯಾ? ಅದೇ ನಾಚ್ ಫಾರಂ. ಅದನ್ನೊಮ್ಮೆ ಹತ್ತಿರದಿಂದ ನೋಡಿ. ಮೇಲೆ ಮೂರು ಚೌಕ: ಕ್ರಿಯೇಟ್, ಮಾಡಿಫೈ, ಕ್ಯಾನ್ಸಲ್. ಶುರು ಮಾಡಲಿಕ್ಕೂ ಅದೇ ಫಾರಂ, ನಿಲ್ಲಿಸಲಿಕ್ಕೂ ಅದೇ, ಆದರೆ ಮೂರನೇ ಚೌಕದ ವಿಷಯ ನಮಗೆ ಯಾರೂ ಹೇಳಿರುವುದಿಲ್ಲ. ಅಲ್ಲಿ ಬರೆದಿರುವ ಮೊತ್ತವೂ ಎಷ್ಟೋ ಸಲ ಪ್ರೀಮಿಯಂ ಆಗಿರುವುದಿಲ್ಲ, 'ಮ್ಯಾಕ್ಸಿಮಂ' ಆಗಿರುತ್ತದೆ. ಹಾಗಾಗಿ ಪ್ರೀಮಿಯಂ ಏರಿದರೂ ನಿಮ್ಮನ್ನು ಮತ್ತೆ ಕೇಳದೆ ಹೋಗುತ್ತದೆ. ಪ್ರತಿ ಮ್ಯಾಂಡೇಟ್‌ಗೂ ಯುಎಂಆರ್‌ಎನ್ ಅಂತ 20 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಬ್ಯಾಂಕಿನಲ್ಲಿ ಕೇಳಿ ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಕೆಲಸವೆಲ್ಲ ಅದರ ಮೇಲೆಯೇ ನಡೆಯುವುದು.

ಯುಪಿಐ ಆಟೋಪೇ ಅಥವಾ ಕಾರ್ಡಿನಲ್ಲಿ ಕೊಟ್ಟ ಒಪ್ಪಿಗೆ ಇಷ್ಟು ತಲೆನೋವಲ್ಲ. ದುಡ್ಡು ಹೋಗುವ 24 ಗಂಟೆ ಮೊದಲೇ ತಿಳಿಸಬೇಕು ಅಂತ ಆರ್‌ಬಿಐ ನಿಯಮವಿದೆ. ಯುಪಿಐ ಆಪ್‌ನಲ್ಲೇ ಆಟೋಪೇ ತೆರೆದು ನಿಲ್ಲಿಸಬಹುದು.

ಕೆಲವರು ಒಂದು ಉಪಾಯ ಹೇಳುತ್ತಾರೆ, ಖಾತೆ ಖಾಲಿ ಇಟ್ಟುಬಿಡಿ ಅಂತ. ದಯವಿಟ್ಟು ಬೇಡ. ದುಡ್ಡಿಲ್ಲದೆ ವಾಪಸ್ ಹೋದ ಪ್ರತಿ ಸಲಕ್ಕೂ ಬ್ಯಾಂಕಿನವರು ರಿಟರ್ನ್ ಚಾರ್ಜ್ ಹಾಕುತ್ತಾರೆ, ಅದರ ಮೇಲೆ ಜಿಎಸ್‌ಟಿ ಬೇರೆ.

ಇನ್ನು ಹೋದ ದುಡ್ಡಿನ ಮಾತು. ಇಲ್ಲಿ ಎಲ್ಲ ತೀರ್ಮಾನವಾಗುವುದು ತಾರೀಖಿನ ಮೇಲೆ. ಕ್ಯಾನ್ಸಲ್ ಪತ್ರ ಕಂಪನಿಗೆ ತಲುಪಿದ ಮೇಲೂ ಅವರು ದುಡ್ಡು ಕೇಳಿದ್ದರೆ ಜವಾಬ್ದಾರಿ ಕಂಪನಿಯದು. ಮ್ಯಾಂಡೇಟ್ ನಿಲ್ಲಿಸಿ ಅಂತ ಬರೆದುಕೊಟ್ಟು, ಅದಕ್ಕೆ ಬೇಕಾದ ಕೆಲಸದ ದಿನಗಳು ಕಳೆದ ಮೇಲೂ ಬ್ಯಾಂಕ್ ಕೊಟ್ಟಿದ್ದರೆ ಬ್ಯಾಂಕಿನದು. ಚಿಕ್ಕಪ್ಪ ಪತ್ರ ಕೊಟ್ಟಿದ್ದರು, ಆದರೆ ಅದರ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡಿರಲಿಲ್ಲ. ಅದೊಂದು ಸೀಲು ಇಲ್ಲದ್ದಕ್ಕೆ ಎಷ್ಟು ಓಡಾಡಿದೆವೋ! ಕೊನೆಗೆ ಅವರ ಮೊಬೈಲಿನಲ್ಲಿ 'ನಿಮ್ಮ ಕೋರಿಕೆ ಸ್ವೀಕರಿಸಲಾಗಿದೆ' ಅನ್ನೋ ಹಳೇ ಮೆಸೇಜ್ ಸಿಕ್ಕಿತು, ಅದನ್ನೇ ಸ್ಕ್ರೀನ್‌ಶಾಟ್ ತೆಗೆದು ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಮಾಡಿದ ಮೇಲೆ ಎರಡು ತಿಂಗಳ ದುಡ್ಡೂ ವಾಪಸ್ ಬಂತು.

ಕಂಪನಿ ಒಪ್ಪದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ, ವಿಮಾ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ತೀರ್ಮಾನಿಸುವ ಅಧಿಕಾರಿಯ ಹತ್ತಿರ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ. ಫೀಸ್ ಇಲ್ಲ, ವಕೀಲರೂ ಬೇಡ. ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐನ ಬಿಮಾ ಭರೋಸಾ ತಾಣದಲ್ಲೋ 155255ಕ್ಕೆ ಫೋನ್ ಮಾಡಿಯೋ ದೂರು ದಾಖಲಿಸಬಹುದು. ತಪ್ಪು ಬ್ಯಾಂಕಿನದಾದರೆ ಮೊದಲು ಬ್ಯಾಂಕಿಗೆ ದೂರು, ಆಮೇಲೆ ಆರ್‌ಬಿಐ ಓಂಬುಡ್ಸ್‌ಮನ್.

ಎಲ್ಲ ಕಡಿತವೂ ಅನ್ಯಾಯವಲ್ಲ, ಇದನ್ನೂ ಹೇಳಬೇಕು. ಜೀವವಿಮೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂದರೆ ಅದಕ್ಕೆ ಫ್ರೀ ಲುಕ್ ಅನ್ನುತ್ತಾರೆ. ಆಗ ಅಷ್ಟು ದಿನ ಕೊಟ್ಟ ರಕ್ಷಣೆಯ ಪಾಲು, ವೈದ್ಯಕೀಯ ಪರೀಕ್ಷೆಯ ಖರ್ಚು, ಸ್ಟಾಂಪ್ ಡ್ಯೂಟಿ ಇಷ್ಟನ್ನು ಕಂಪನಿ ಮುರಿದುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಮುರಿದಿದ್ದರೆ ಲೆಕ್ಕ ಕೊಡಿ ಅಂತ ಬರಹದಲ್ಲೇ ಕೇಳಿ.

ಹಾಗೇ ಮೇ ಕೊನೆಯಲ್ಲಿ ಖಾತೆಯಿಂದ 436 ಅಥವಾ 20 ರೂಪಾಯಿ ಹೋಗಿದ್ದರೆ ಗಾಬರಿ ಬೇಡ. ಬಹುಮಟ್ಟಿಗೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಅಥವಾ ಸುರಕ್ಷಾ ವಿಮೆಯ ವರ್ಷದ ಕಂತು. ಅದಕ್ಕೂ ಯಾವತ್ತೋ ಒಪ್ಪಿಗೆ ಕೊಟ್ಟಿರುತ್ತೀರಿ. ಬೇಡವಾದರೆ ಮೇ ಕೊನೆಯ ವಾರಕ್ಕೆ ಮುಂಚೆಯೇ ಬ್ರಾಂಚ್‌ಗೆ ಬರೆದುಕೊಡಿ, ಈ ಸಲ ಸೀಲು ಹಾಕಿಸಿಕೊಂಡು.