ಕಾಲಂಗೆ ಏರಿಸುವ ಮುನ್ನ ಒಂದು ಹನಿ

ಅಮೀನ್‌ಗೆ ಬಾಕ್ ಎಂಬ ರಕ್ಷಕ ಗುಂಪು (ಬೇರೆ ಕ್ರಿಯೆಗಳಿಂದ ಕಾಪಾಡಲು ತಾತ್ಕಾಲಿಕವಾಗಿ ಜೋಡಿಸುವ ಅಣುಭಾಗ) ತೊಡಿಸಿದ ಒಂದು ಸಂಯುಕ್ತ, ಅಣುರಾಶಿ 350. ಪ್ರೋಟಾನ್ ಸೇರಿದರೆ 351 ಆಗಬೇಕೆಂದು ಲೆಕ್ಕ ಹಾಕಿದ ಸಹೋದ್ಯೋಗಿಯೊಬ್ಬರು ಮಿಶ್ರಣವನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರ್ಪಡಿಸಿ ಅಯಾನಿನ ದ್ರವ್ಯರಾಶಿ ನೋಡಿ ಸಂಗ್ರಹಿಸುವ ಸ್ವಯಂಚಾಲಿತ ಶುದ್ಧೀಕರಣ ಯಂತ್ರದಲ್ಲಿ ಆ ಒಂದೇ ಸಂಖ್ಯೆಯನ್ನು ನಮೂದಿಸಿ ಮನೆಗೆ ಹೋಗಿದ್ದರು. ಬೆಳಿಗ್ಗೆ ಬಂದು ನೋಡಿದರೆ ಟ್ಯೂಬುಗಳೆಲ್ಲ ಖಾಲಿಯಿದ್ದವು, ಸಂಯುಕ್ತವೆಲ್ಲ ತ್ಯಾಜ್ಯದ ಬಾಟಲಿ ಸೇರಿತ್ತು. ಉಳಿದಿದ್ದ ಚೂರು ಕಚ್ಚಾ ಮಾದರಿಯನ್ನು, ಕಾಲಂನಲ್ಲಿ ಬೇರ್ಪಡಿಸಿ ದ್ರವ್ಯರಾಶಿ ಅಳೆಯುವ ಎಲ್‌ಸಿ-ಎಂಎಸ್‌ನಲ್ಲಿ ಓಡಿಸಿದಾಗ ಕಾರಣ ತಿಳಿಯಿತು. 351 ಇದ್ದೂ ಇಲ್ಲದಂತಿತ್ತು. ಎತ್ತರಕ್ಕೆ ನಿಂತಿದ್ದುದು 295, ಅದರ ಜೊತೆಗೆ 251 ಮತ್ತು 373. ಅಯಾನೀಕರಣದ ಹಂತದಲ್ಲೇ ಬಾಕ್ ಗುಂಪು 56 ಘಟಕಗಳ ಐಸೊಬ್ಯೂಟೀನನ್ನು ಕಳೆದುಕೊಂಡರೆ 295 ಬರುತ್ತದೆ, ಇಡೀ ಗುಂಪೇ ಕಳಚಿದರೆ 251, ಪ್ರೋಟಾನಿನ ಬದಲು ಸೋಡಿಯಂ ಅಂಟಿಕೊಂಡರೆ 373.

ನಮೂದಿಸಿದ ಅಯಾನಿನ ಸಂಕೇತವು ನಿಗದಿತ ಮಿತಿಯನ್ನು ದಾಟಿದರೆ ಮಾತ್ರ ಯಂತ್ರ ದ್ರವವನ್ನು ಟ್ಯೂಬಿಗೆ ತಿರುಗಿಸುತ್ತದೆ. ಹಾಗಾಗಿ ಅದಕ್ಕೆ ಕೊಡಬೇಕಾದುದು ಕಾಗದದ ಮೇಲೆ ಲೆಕ್ಕ ಹಾಕಿದ ಸಂಖ್ಯೆಯನ್ನಲ್ಲ, ಅದೇ ದ್ರಾವಕ ಮತ್ತು ಅದೇ ಆಮ್ಲದಲ್ಲಿ ಕಣ್ಣಾರೆ ಕಂಡ ಸಂಖ್ಯೆಯನ್ನು. ಮಾದರಿಯ ಒಂದು ಹನಿಯನ್ನು ಚೆನ್ನಾಗಿ ತೆಳುಗೊಳಿಸಿ ಕೆಲವೇ ನಿಮಿಷ ಓಡಿಸಿದರೆ ಅದು ಸಿಗುತ್ತದೆ. ಸಂಯುಕ್ತದಲ್ಲಿ ಒಂದು ಕ್ಲೋರಿನ್ ಇದ್ದರೆ, ಅದರ ಎರಡು ಐಸೊಟೋಪುಗಳಿಂದಾಗಿ, ಎರಡು ಘಟಕಗಳ ಅಂತರದಲ್ಲಿ ಎತ್ತರ ಸುಮಾರು 3:1ರಷ್ಟಿರುವ ಜೋಡಿಯೂ, ಒಂದು ಬ್ರೋಮಿನ್ ಇದ್ದರೆ ಹೆಚ್ಚುಕಡಿಮೆ 1:1ರ ಜೋಡಿಯೂ ಕಾಣಬೇಕು. ಆ ಜೋಡಿ ಕಾಣದಿದ್ದರೆ ಸಂಖ್ಯೆ ಹೊಂದಿದರೂ ನಾನು ಅದನ್ನು ನಂಬುವುದಿಲ್ಲ.

ಶುದ್ಧತೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮಾಸ್ ಸಂಕೇತದ ಎತ್ತರವು ಪ್ರಮಾಣವನ್ನು ಹೇಳುವುದಿಲ್ಲ. ಸುಲಭವಾಗಿ ಪ್ರೋಟಾನ್ ಹಿಡಿಯುವ ಅಮೀನ್ ಕಲ್ಮಶವು ಅತ್ಯಲ್ಪವಾಗಿದ್ದರೂ ಬೆಟ್ಟದಂತೆ ಕಾಣಬಹುದು. ಅಯಾನಾಗಲು ಒಪ್ಪದ ಹೈಡ್ರೋಕಾರ್ಬನ್ ರಾಶಿಯಷ್ಟಿದ್ದರೂ ಕಾಣದೇ ಹೋಗಬಹುದು. ನೇರಳಾತೀತ ಬೆಳಕಿನಿಂದ ಪತ್ತೆಹಚ್ಚುವ ಯುವಿ ಡಿಟೆಕ್ಟರ್‌ಗೆ ಬೆಳಕು ಹೀರುವ ಗುಂಪು ಬೇಕು. ಅಜೈವಿಕ ಲವಣ, ನೀರು, ಸಿಲಿಕಾದ ಪುಡಿ ಸಾಮಾನ್ಯವಾಗಿ ಎರಡಕ್ಕೂ ಕಾಣುವುದಿಲ್ಲ. ಆದ್ದರಿಂದ ಯುವಿ ನಕ್ಷೆಯಲ್ಲಿ 95 ಶೇಕಡಾ ಎಂದು ಬಂದ ಮಾತ್ರಕ್ಕೆ ತೂಕದಲ್ಲೂ 95 ಶೇಕಡಾ ಇದೆ ಎಂದು ಯಾರೂ ಬರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತೂಕದ ಶುದ್ಧತೆ ಬೇಕಾದರೆ ಅದಕ್ಕೆ, ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸಂಕೇತ ಅಳೆದು ಪ್ರಮಾಣ ಹೇಳುವ, ಪರಿಮಾಣಾತ್ಮಕ ಎನ್‌ಎಂಆರ್ ಇದೆ.

ಐಸೊಮರ್‌ಗಳ ತೊಂದರೆ ಬೇರೆ ಬಗೆಯದು. ಅಣುಸೂತ್ರ ಒಂದೇ ಇದ್ದು ರಚನೆ ಮಾತ್ರ ಬೇರೆಯಾದ ಇವುಗಳ ದ್ರವ್ಯರಾಶಿ ಒಂದೇ ಆಗಿರುವುದರಿಂದ, ಅವು ಅಕ್ಕಪಕ್ಕದಲ್ಲಿ ಹೊರಬಂದರೆ ಯಂತ್ರ ಎರಡನ್ನೂ ಒಂದೇ ಟ್ಯೂಬಿಗೆ ತುಂಬುತ್ತದೆ.

ನಕ್ಷೆಯಲ್ಲಿ ಒಂದೇ ಶಿಖರವಾಗಿ ಕಾಣುವುದರ ಏರು, ನೆತ್ತಿ ಮತ್ತು ಇಳಿಜಾರುಗಳ ಮಾಸ್ ರೋಹಿತಗಳನ್ನು ಪ್ರತ್ಯೇಕವಾಗಿ ತೆರೆದು ಹೋಲಿಸುವುದು ನನ್ನ ರೂಢಿ. ಇಳಿಜಾರಿನಲ್ಲಿ ಮಾತ್ರ ಬೇರೊಂದು ಸಂಖ್ಯೆ ತಲೆಯೆತ್ತಿದರೆ ಅಲ್ಲಿ ಕಲ್ಮಶ ಅಡಗಿದೆ ಎಂದರ್ಥ, ಆ ಸ್ಥಿತಿಯಲ್ಲಿ ದೊಡ್ಡ ಕಾಲಂ ಓಡಿಸಿ ಪ್ರಯೋಜನವಿಲ್ಲ. ಆಗ ಫಾರ್ಮಿಕ್ ಆಮ್ಲದ ಬದಲು ಅಮೋನಿಯಂ ಬೈಕಾರ್ಬನೇಟ್ ಮತ್ತು ಅಮೋನಿಯ ಹಾಕಿ ಪಿಎಚ್ ಅನ್ನು 10ರ ಆಸುಪಾಸಿಗೆ ಏರಿಸುತ್ತೇನೆ, ಕಾಲಂ ಅದನ್ನು ತಾಳುವಂಥದ್ದೇ ಎಂದು ಮೊದಲು ಖಾತ್ರಿಪಡಿಸಿಕೊಂಡು. ಪ್ರೋಟಾನ್ ಕಳೆದುಕೊಂಡ ಅಮೀನ್ ಕಾಲಂನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ತಟಸ್ಥ ಕಲ್ಮಶ ಇದ್ದಲ್ಲೇ ಇರುತ್ತದೆ, ಮತ್ತು ಒಂದಾಗಿದ್ದ ಶಿಖರ ಬಹಳಷ್ಟು ಸಲ ಎರಡಾಗಿ ಬಿಡಿಸಿಕೊಳ್ಳುತ್ತದೆ.