ಬೆಂಚ್‌ಮಾರ್ಕ್ ಗ್ರಾಫ್: ಉತ್ತರ ಮೊದಲೇ ಗೊತ್ತಿರುವ ಜಾಲ

ಮುಂಬಯಿ ಕನ್ನಡಿಗರಲ್ಲಿ ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬುದನ್ನು ಚಿತ್ರವಾಗಿ ಬರೆದಿದ್ದೇವೆ ಅಂದುಕೊಳ್ಳಿ. ಪ್ರತಿಯೊಬ್ಬರೂ ಒಂದು ಚುಕ್ಕಿ. ಇಬ್ಬರ ನಡುವೆ ಮಾತುಕತೆ ಇದ್ದರೆ ಒಂದು ಗೆರೆ. ಚುಕ್ಕಿಗೆ ನೋಡ್, ಗೆರೆಗೆ ಎಡ್ಜ್, ಇಡೀ ಚಿತ್ರಕ್ಕೆ ಗ್ರಾಫ್ ಎಂದು ಹೆಸರು. ಒಳಗೊಳಗೇ ಗೆರೆ ಜಾಸ್ತಿ, ಹೊರಗಿನವರ ಜೊತೆ ಕಡಿಮೆ ಇರುವ ಗುಂಪುಗಳನ್ನು ಇದರಲ್ಲಿ ಹುಡುಕುವ ಕೆಲಸವೇ ಕಮ್ಯುನಿಟಿ ಡಿಟೆಕ್ಷನ್.

ಈ ಕೆಲಸಕ್ಕೆ ಕಂಪ್ಯೂಟರ್ ಬಳಸುವ ಲೆಕ್ಕದ ವಿಧಾನ, ಅಂದರೆ ಅಲ್ಗಾರಿದಮ್, ಏನೋ ಗುಂಪು ಮಾಡಿ ಕೊಡುತ್ತದೆ. ಸರಿಯೋ ತಪ್ಪೋ ಹೇಳುವವರು ಯಾರು? ಮನೆ ಡೊಂಬಿವಲಿ, ಹೋಟೆಲು ಅಂಧೇರಿ, ಊರು ಉಡುಪಿ ಕಡೆ, ಭಾನುವಾರ ಮಾಟುಂಗದಲ್ಲಿ ಯಕ್ಷಗಾನ ಇದ್ದರೆ ಅಲ್ಲಿ ಹಾಜರ್. ಇಂಥವರನ್ನು ಯಾವ ಗುಂಪಿಗೆ ಸೇರಿಸುವುದು? ನಿಜವಾದ ಜಾಲದಲ್ಲಿ ಸರಿಯುತ್ತರ ಯಾರ ಕೈಯಲ್ಲೂ ಇರುವುದಿಲ್ಲ. ಅಪರೂಪಕ್ಕೆ ಸಿಗುವುದೂ ಉಂಟು. ಮಾನವಶಾಸ್ತ್ರಜ್ಞ ವೇಯ್ನ್ ಜಕಾರಿ 1977ರಲ್ಲಿ ವಿವರಿಸಿದ ಕರಾಟೆ ಕ್ಲಬ್ಬು ಜಗಳದಲ್ಲಿ ಎರಡು ಹೋಳಾಗಿತ್ತು, ಯಾರು ಯಾವ ಕಡೆ ಹೋದರು ಎಂಬುದೂ ದಾಖಲಾಗಿತ್ತು. ಆದರೆ ಅಲ್ಲಿದ್ದವರು ಬರೀ 34 ಜನ. ಅದೊಂದರಲ್ಲಿ ಪಾಸಾದರೆ ಏನು ದೊಡ್ಡ ವಿಷಯ?

ಹಾಗಾಗಿ ಸಂಶೋಧಕರು ಕೆಲಸವನ್ನು ತಿರುಗಿಸಿ ಹಾಕಿದರು. ಗುಂಪುಗಳನ್ನು ಮೊದಲೇ ತೀರ್ಮಾನಿಸಿ, ಆಮೇಲೆ ಗೆರೆ ಎಳೆಯುವುದು. ಗುಂಪಿನ ಪಟ್ಟಿಯನ್ನು ಬಚ್ಚಿಟ್ಟು ಗ್ರಾಫನ್ನು ಮಾತ್ರ ಅಲ್ಗಾರಿದಮ್‌ಗೆ ಕೊಡುವುದು. ಹೀಗೆ ಪರೀಕ್ಷೆಗೆಂದೇ ಹುಟ್ಟಿಸಿದ ಜಾಲವೇ ಸಿಂಥೆಟಿಕ್ ಬೆಂಚ್‌ಮಾರ್ಕ್ ಗ್ರಾಫ್.

2002ರಲ್ಲಿ ಗಿರ್ವಾನ್ ಮತ್ತು ನ್ಯೂಮನ್ ಬಳಸಿದ್ದು ಸರಳವಾಗಿತ್ತು. 128 ನೋಡ್, 32ರಂತೆ 4 ಗುಂಪು, ಪ್ರತಿ ನೋಡ್‌ಗೆ ಸರಾಸರಿ 16 ಗೆರೆ. ಅದರಲ್ಲಿ ಎಷ್ಟು ಗೆರೆ ಹೊರಗೆ ಹೋಗಬೇಕು ಎಂಬುದೊಂದನ್ನೇ ಏರಿಸುತ್ತಾ ಹೋಗಬೇಕು. 12 ಹೊರಗೆ ಹೋಯಿತೆಂದರೆ ಗುಂಪು ಇದ್ದೂ ಇಲ್ಲದಂತೆ. ಯಾಕೆಂದರೆ ಸುಮ್ನೆ ಕಣ್ಣುಮುಚ್ಚಿ ಗೆರೆ ಎಳೆದರೂ ಸುಮಾರು ಅಷ್ಟೇ ಹೊರಗೆ ಬೀಳುತ್ತವೆ. ಇದರ ಕೊರತೆ ಎದ್ದು ಕಾಣುತ್ತದೆ. ಎಲ್ಲ ಗುಂಪೂ ಒಂದೇ ಗಾತ್ರ, ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ ಪರಿಚಯಸ್ಥರು. ಸಂಘದ ಕಾರ್ಯದರ್ಶಿಗೆ ಇರುವಷ್ಟು ಬಳಕೆ ನಿನ್ನೆ ಮೊನ್ನೆ ಊರಿಂದ ಬಂದ ಹುಡುಗನಿಗೆ ಇರುತ್ತದಾ?

ಇದನ್ನು ಸರಿಪಡಿಸಲು 2008ರಲ್ಲಿ ಲಾನ್ಚಿಕಿನೆಟ್ಟಿ, ಫೋರ್ಟುನಾಟೊ, ರಾಡಿಕ್ಕಿ ಸೇರಿ ಹೊಸ ಮಾದರಿ ತಂದರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದಕ್ಕೆ ಎಲ್‌ಎಫ್‌ಆರ್ ಅನ್ನುತ್ತಾರೆ. ಇದರಲ್ಲಿ ಹೆಚ್ಚಿನವರಿಗೆ ಕೆಲವೇ ಗೆರೆ, ಬೆರಳೆಣಿಕೆ ಜನಕ್ಕೆ ರಾಶಿ ರಾಶಿ. ಗುಂಪುಗಳೂ ಹಾಗೇ, ಸಣ್ಣವು ತುಂಬ, ದೊಡ್ಡವು ಒಂದೆರಡು. ಈ ಥರದ ಹಂಚಿಕೆಗೆ ಪವರ್ ಲಾ ಎನ್ನುತ್ತಾರೆ. ದೊಡ್ಡವು ಎಷ್ಟು ಬೇಗ ವಿರಳವಾಗುತ್ತವೆ ಎಂದು ಹೇಳುವ ಸಂಖ್ಯೆಯೇ ಅದರ ಘಾತಾಂಕ. ಗೆರೆಗಳದ್ದು ಸಾಮಾನ್ಯವಾಗಿ 2ರಿಂದ 3, ಗುಂಪಿನ ಗಾತ್ರದ್ದು 1ರಿಂದ 2.

ಮುಖ್ಯ ಹಿಡಿಕೆ ಮಾತ್ರ ಮ್ಯೂ, ಅಂದರೆ ಮಿಕ್ಸಿಂಗ್ ಪ್ಯಾರಾಮೀಟರ್. ಒಬ್ಬರ ಗೆರೆಗಳಲ್ಲಿ ಎಷ್ಟು ಪಾಲು ಗುಂಪಿನ ಹೊರಗೆ ಹೋಗುತ್ತದೆ ಎಂಬುದೇ ಅದು. 20 ಗೆರೆ ಇದ್ದು ಮ್ಯೂ 0.3 ಆದರೆ 14 ಒಳಗೆ, 6 ಹೊರಗೆ. ಆ 14 ಒಳಗೆ ಹಿಡಿಸಬೇಕಾದರೆ ಗುಂಪಿನಲ್ಲಿ ಕನಿಷ್ಠ 15 ಜನ ಬೇಕಲ್ವಾ? ಹಾಗಾಗಿ ಜಾಸ್ತಿ ಗೆರೆ ಇರುವವರನ್ನು ಪುಟ್ಟ ಗುಂಪಿಗೆ ತಳ್ಳುವಂತಿಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಕೆಲಸಕ್ಕೆಂದಿರುವ ನೆಟ್‌ವರ್ಕ್‌ಎಕ್ಸ್ ಲೈಬ್ರರಿಯಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ. ಒಂದಕ್ಕೊಂದು ಹೊಂದದ ಸಂಖ್ಯೆ ಕೊಟ್ಟರೆ ಒದ್ದಾಡಿ ಒದ್ದಾಡಿ ಕೊನೆಗೆ ಎರರ್ ಕೊಡುತ್ತದೆ. ಒಬ್ಬರೇ ಎರಡು ಮೂರು ಗುಂಪಿನಲ್ಲಿರುವ ಜಾಲಗಳಿಗೂ 2009ರಲ್ಲಿ ಈ ಮಾದರಿಯನ್ನು ಹಿಗ್ಗಿಸಿದರು. ನಮ್ಮ ಡೊಂಬಿವಲಿಯವರಿಗೆ ಅದೇ ಸರಿ.

ಅಲ್ಗಾರಿದಮ್ ಕೊಟ್ಟ ಉತ್ತರವನ್ನು ಬಚ್ಚಿಟ್ಟ ಪಟ್ಟಿಗೆ ಹೋಲಿಸಲು ಎನ್‌ಎಂಐ (ನಾರ್ಮಲೈಸ್ಡ್ ಮ್ಯೂಚುವಲ್ ಇನ್ಫರ್ಮೇಶನ್) ಎಂಬ ಅಂಕ ಬಳಸುತ್ತಾರೆ. ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0. ಇದರಲ್ಲೊಂದು ಮೋಸ ಇದೆ. ಜಾಲವನ್ನು ಚೂರು ಚೂರು ಮಾಡಿಟ್ಟರೂ ಅಂಕ ಪುಗಸಟ್ಟೆ ಏರುತ್ತದೆ. ಅದಕ್ಕೇ ಆಕಸ್ಮಿಕವನ್ನು ಕಳೆದು ಲೆಕ್ಕ ಹಾಕುವ ಎಎಂಐ (ಅಡ್ಜಸ್ಟೆಡ್ ಮ್ಯೂಚುವಲ್ ಇನ್ಫರ್ಮೇಶನ್) ವಾಸಿ.

ಮ್ಯೂ 0.1ರಲ್ಲಿ ಬಂದ ಅಂಕ ತೋರಿಸಿ ಬೀಗುವುದರಲ್ಲಿ ಅರ್ಥವಿಲ್ಲ. ಅಲ್ಲಿ ಹೆಚ್ಚುಕಡಿಮೆ ಎಲ್ಲ ಅಲ್ಗಾರಿದಮ್‌ಗಳೂ ಜಾಣರೇ. ಮ್ಯೂ ಏರಿಸುತ್ತಾ, ಪ್ರತಿ ಬೆಲೆಗೂ ಹಲವು ಗ್ರಾಫ್ ಹುಟ್ಟಿಸಿ, ಅಂಕ ಎಲ್ಲಿ ಕುಸಿಯುತ್ತದೆ ಎಂದು ನೋಡಬೇಕು. ಜೊತೆಗೆ ಗುಂಪೇ ಇಲ್ಲದ, ಬರೀ ಯಾದೃಚ್ಛಿಕ ಗ್ರಾಫೊಂದನ್ನೂ ಕೊಡಬೇಕು. ಅದರಲ್ಲೂ ಚಂದದ ಗುಂಪು ಕಂಡೆ ಎನ್ನುವ ಅಲ್ಗಾರಿದಮ್‌ಗಳು ಇವೆ. ಆ ಫಲಿತಾಂಶವೂ ಉಳಿದ ಅಂಕಗಳ ಕೋಷ್ಟಕದಲ್ಲೇ ಇರಬೇಕು.